ಕನ್ನಡಕದ ಕಡ್ಡಿಗೊಂದು ಕಚ್ಚು

ಮಂಗಳವಾರ, ಮಧ್ಯಾಹ್ನ ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕನಿಗೆ ನಿನ್ನ ಸೂಜಿಯ ನಮಸ್ಕಾರ.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ನಿನಗೆ ಗೊತ್ತಿರುವುದೇ. ಸಾಲು ನೆಟ್ಟಗೆ ಹೊರಟು ಕೊನೆಗೆ ಬೆಟ್ಟ ಹತ್ತುತ್ತದೆ. ಒತ್ತಕ್ಷರ ಬೇಕಾದಲ್ಲಿ ಇರುವುದಿಲ್ಲ, ಬೇಡದ ಕಡೆ ಬಂದು ಕೂತಿರುತ್ತದೆ. ನಾಲ್ಕನೇ ತರಗತಿಯವರೆಗೆ ಶಾಲೆಯವರು ಕಲಿಸಿದರು, ಆಮೇಲಿನದನ್ನೆಲ್ಲ ನೀನು ಅಡುಗೆಮನೆಯ ಮೇಜಿನ ಮೇಲೆ ಕಲಿಸಿದೆ. ಆದ್ದರಿಂದ ತಪ್ಪುಗಳಲ್ಲಿ ಅರ್ಧ ಪಾಲು ನಿನ್ನದು. ಕೆಂಪು ಪೆನ್ನು ಮಾತ್ರ ತೆಗೆಯಬೇಡ, ಇದೊಂದನ್ನು ತಿದ್ದದೆ ಓದು. ಕಾಗದವೂ ಚೆನ್ನಾಗಿಲ್ಲ. ಹೊಸ ಹೆಡ್‌ಫೋನ್‌ಗೆ ಸುತ್ತಿ ಬರುವ ತೆಳು ಹಾಳೆ ಇದು. ಪೆನ್ನು ಒತ್ತಿದರೆ ತೂತು, ಒತ್ತದಿದ್ದರೆ ಮೂಡುವುದಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಮಾಡಿದೆ. ನೀನು ಎತ್ತಲಿಲ್ಲ. ಒಂದು ಸಲ ಚಿಕ್ಕಮ್ಮ ಎತ್ತಿ, "ಅವಳು ಇಸ್ತ್ರಿ ಕಲೀತಿದ್ದಾಳೆ ಕಣೇ, ಅಂಗಿ ಕಾಲರ್ ಸುಟ್ಟೀತು, ಆಮೇಲೆ ಮಾಡು" ಎಂದರು. ಆಮೇಲೆ ಮಾಡಿದರೂ ಅದೇ ಕಾಲರ್. ನೀನೇ ಎತ್ತಿದ್ದರೂ ನಾನು ಏನು ಹೇಳುತ್ತಿದ್ದೆನೋ. ನನಗೆ ಮೊದಲ ಮಾತೇ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ಉಳಿದ ಮಾತುಗಳೆಲ್ಲ ಅದರ ಹಿಂದೆ ಸಾಲಾಗಿ ನಿಲ್ಲುತ್ತವೆ. ಕೈಗೆ ಆ ತೊಂದರೆ ಇಲ್ಲ.

ಹೇಳಬೇಕಾದದ್ದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಎದ್ದು ಓಡಿಹೋಗುತ್ತೇನೆ. ಅಕ್ಕ, ನಿನ್ನ ಕಿವಿ ಕೆಟ್ಟಿಲ್ಲ. ನಿನ್ನ ಹೆಡ್‌ಫೋನ್‌ಗೆ ನಾನು ಹೊಲಿದ ಕುಶನ್ ಕೆಟ್ಟದ್ದು. ಡ್ಯಾನ್ಸ್ ಹಾಲ್‌ನಲ್ಲಿ ಆ ದಿನ ಆದದ್ದೆಲ್ಲ ನನ್ನಿಂದ ಆಯಿತು. ಒಂದನೇ ತಾರೀಕು ಚಿಕ್ಕಮ್ಮನ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರುತ್ತೇನೆ, ಹೆಡ್‌ಫೋನ್, ಕೀಬೋರ್ಡ್, ದೊಡ್ಡ ಸ್ಪೀಕರ್ ಎಲ್ಲ ಮಾರಿಬಿಡು ಎಂದು ಚೀಟಿ ಬರೆದಿಟ್ಟು ಹೋದೆಯಲ್ಲ, ಆ ತಾರೀಕು ಬರುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಚೀಟಿಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ನಿನ್ನ ಹಾಡುಗಳೆಲ್ಲ ಇರುವ ಅದನ್ನು ನೀನು ಒಯ್ದಿದ್ದೀ. ನಾನು ಅದನ್ನು ಗಮನಿಸಿದ್ದೇನೆ.

ನೀನು ಹೆಡ್‌ಫೋನ್ ಆರಿಸಲು ನಮ್ಮ ಅಂಗಡಿಗೆ ಬಂದ ಮಧ್ಯಾಹ್ನ ನೆನಪಿದೆಯಾ? ಕೆಳಗಿನ ಮನೆಯ ಅಜ್ಜಿಗೆ ನಿನ್ನ ಸ್ಪೀಕರಿನಿಂದ ತೊಂದರೆ, ಕೋಲಿನಿಂದ ಛಾವಣಿಗೆ ಬಡಿಯುತ್ತಾರೆ ಎಂಬ ಮಾತು ಬಂದ ಮೇಲೆ ನೀನು ಸ್ಪೀಕರಿಗೆ ಬೆಡ್‌ಶೀಟ್ ಹೊದಿಸಿದೆ. ಇನ್ನು ಹೆಡ್‌ಫೋನ್‌ನಲ್ಲೇ ಹಾಡು ಮಾಡುತ್ತೇನೆ, ಮಾಡುವುದಾದರೆ ಒಳ್ಳೆಯದರಲ್ಲೇ ಮಾಡುತ್ತೇನೆ ಎಂದು ಎರಡು ವರ್ಷ ಕೂಡಿಟ್ಟದ್ದನ್ನು ತೆಗೆದೆ. ನಾನು ಪರದೆಯ ಹಿಂದೆ ಹೊಲಿಗೆ ಯಂತ್ರದ ಮುಂದೆ ಯಾರದೋ ಹರಿದ ಕುಶನ್ ಹೊಲಿಯುತ್ತಾ ಕೂತಿದ್ದೆ. ಯಜಮಾನಿ ನಿನ್ನನ್ನು ಸೋಫಾದಲ್ಲಿ ಕೂರಿಸಿ, "ಸೂಜಿ ಅಕ್ಕನಾ ನೀವು? ಅವಳಂತೂ ಬಾಯಿ ಬಿಡಲ್ಲ, ನೀವಾದ್ರೂ ಮಾತಾಡ್ತೀರಾ?" ಎಂದು ಕೇಳಿದರು. ನೀನು, "ನಮ್ಮನೇಲಿ ಮಾತೆಲ್ಲ ನನ್ನ ಪಾಲಿಗೆ ಬಂತು ಮೇಡಂ, ಕೈಕೆಲಸ ಎಲ್ಲ ಅವಳ ಪಾಲಿಗೆ" ಎಂದೆ. ಬೆಸುಗೆ ಮಾಮ ನನ್ನ ಪಕ್ಕದ ಮೇಜಿನಲ್ಲಿ ತಂತಿಗೆ ಬೆಸುಗೆ ಹಾಕುತ್ತಾ ಮೂಗಿನಲ್ಲೇ ನಕ್ಕರು.

ಅಂಗಡಿಗೆ ಬರುವವರನ್ನು ಮೂರು ವರ್ಷದಿಂದ ಪರದೆಯ ಸಂದಿನಲ್ಲಿ ನೋಡುತ್ತಿದ್ದೇನೆ ಅಕ್ಕ. ಅವರ ಮುಖ ನನಗೆ ಕಾಣುವುದಿಲ್ಲ, ಕುತ್ತಿಗೆ ಕಾಣುತ್ತದೆ. ಹಾಡಿನ ತಳದಲ್ಲಿ ಧಡ್ ಧಡ್ ಎನ್ನುವ ಬೇಸ್ ನಿಜವಾಗಿ ಇಷ್ಟವಾದವರಿಗೆ ಮೊದಲು ಕುತ್ತಿಗೆಯ ಬುಡ ಅಲುಗುತ್ತದೆ, ತಲೆ ಆಮೇಲೆ. ಸುಮ್ಮನೆ ತೋರಿಸಿಕೊಳ್ಳುವವರಿಗೆ ಮೊದಲು ಮಂಡಿ ಅಲುಗುತ್ತದೆ. ನೀನು ಮೊದಲು ಹಾಕಿಕೊಂಡದ್ದು ಕಾಲೇಜು ಹುಡುಗರೆಲ್ಲ ಕೇಳಿಕೊಂಡು ಬರುವ ಕೆಂಪು ಬಣ್ಣದ್ದು. ಅರ್ಧ ನಿಮಿಷಕ್ಕೆ ತೆಗೆದು, "ಹಾಡೋಳು ಬಾವಿಗೆ ಬಿದ್ದಿದ್ದಾಳೆ, ಯಾರಾದ್ರೂ ಹಗ್ಗ ಬಿಡಿ" ಎಂದೆ. ಹಿಂಭಾಗ ಜಾಲರಿಯಂತೆ ತೆರೆದಿರುವ ಇನ್ನೊಂದನ್ನು ಹಾಕಿ, ಹಾಡು ಬಯಲಿನಲ್ಲಿ ನಿಂತ ಹಾಗೆ ಚೆನ್ನಾಗಿದೆ, ಬೇಸ್ ಮಾತ್ರ ಬಾಗಿಲಿಗೆ ಬಂದು ಒಳಗೆ ಬಾರದೆ ಹೋಗುತ್ತಿದೆ ಎಂದೆ. ತಂತಿ ಇಲ್ಲದ್ದು ಚೂರು ತಡವಾಗಿ ಕೇಳಿಸುತ್ತದೆ, ಕೀ ಒತ್ತಿದ ಮೇಲೆ ಕಾಯಬೇಕು ಎಂದು ಕೆಳಗಿಟ್ಟೆ. ಯಜಮಾನಿ ಆಗ ಅಂಗಡಿಯಲ್ಲೇ ಅತಿ ದುಬಾರಿಯಾದ, ಬೆಳ್ಳಿ ಬಣ್ಣದ್ದನ್ನು ತಂದರು. ಅದನ್ನು ಕೊಡುವಾಗಲೆಲ್ಲ ಅವರ ಬೆರಳು ಸೌಂಡಿನ ಗುಂಡಿಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ತಿರುಗಿಸುತ್ತದೆ. ಸ್ವಲ್ಪ ಜೋರಾಗಿ ಕೇಳಿಸಿದ್ದೇ ಎಲ್ಲರಿಗೂ ಚೆನ್ನಾಗಿ ಕೇಳಿಸುತ್ತದೆ. ಇದು ವ್ಯಾಪಾರ, ನಾನು ಯಾವತ್ತೂ ತುಟಿ ಬಿಚ್ಚಿಲ್ಲ. ಅವತ್ತು ನಿನ್ನ ಕುತ್ತಿಗೆ ಅಲುಗಲು ಶುರುವಾದದ್ದನ್ನು ನೋಡಿ ತಡೆಯಲಾಗಲಿಲ್ಲ. ಎದ್ದು ಹೋಗಿ ಗುಂಡಿಯನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿ, ವಾಪಸು ಬಂದು ಕೂತೆ. ಯಜಮಾನಿ, "ನೋಡಿ ಮಾಮ, ಸೂಜಿ ಚುಚ್ಚೋದು ಕಲ್ತಿದ್ದಾಳೆ" ಎಂದರು. ಬೈಯಲಿಲ್ಲ.

ಕೊನೆಗೆ ನೀನು ಆರಿಸಿದ್ದು ಹೊಳಪಿಲ್ಲದ, ಕಪ್ಪು, ವೆಲ್ವೆಟ್ ಕುಶನ್ನಿನ ಹೆಡ್‌ಫೋನ್. ಬೆಸುಗೆ ಮಾಮ ಪರದೆ ಸರಿಸಿ ಬಂದು, "ಇದು ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ ಮಗಾ, ಮುಖಸ್ತುತಿ ಮಾಡಲ್ಲ. ಹಾಡು ಮಾಡೋರಿಗೆ ಇದೇ" ಎಂದರು. ನೀನು ಮೂರು ಹಾಡು ಕೇಳಿ, ಎಲ್ಲ ಸರಿ, ಬೇಸ್ ಒಂದು ಚೂರು ಸಾಲದು ಎಂದೆ. ಆದರೂ ಕೊಂಡೆ.

ಯಜಮಾನಿ ಕೂಗುತ್ತಿದ್ದಾರೆ. ಆಮೇಲೆ ಬರೆಯುತ್ತೇನೆ.

ಮಂಗಳವಾರ, ಸಂಜೆ

ಈಗ ಬಸ್ ನಿಲ್ದಾಣದ ಬೆಂಚಿನ ಮೇಲಿದ್ದೇನೆ. ಎರಡು ಬಸ್ ಬಿಟ್ಟೆ. ಮನೆಗೆ ಹೋದರೆ ಬರೆಯಲು ಆಗುವುದಿಲ್ಲ. ಬೆಡ್‌ಶೀಟ್ ಹೊದ್ದ ಆ ಸ್ಪೀಕರ್ ಮೂಲೆಯಲ್ಲಿ ಯಾರೋ ಮುನಿಸಿಕೊಂಡು ಕೂತ ಹಾಗೆ ಕಾಣುತ್ತದೆ.

ಬೇಸ್ ಸಾಲದು ಎಂದು ನೀನು ಹೇಳಿದ್ದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಾಲ್ಕು ದಿನ ನೀನು ಹೆಡ್‌ಫೋನ್ ಹಾಕಿಕೊಂಡು ಕೂತದ್ದನ್ನು ಪಕ್ಕದಿಂದ ನೋಡಿದೆ. ಆಗ ಹೊಳೆಯಿತು. ನಿನ್ನ ಕನ್ನಡಕದ ಕಡ್ಡಿ ಕಿವಿಯ ಮೇಲೆ ಹಾದುಹೋಗುವ ಕಡೆ ಕುಶನ್ ಚರ್ಮಕ್ಕೆ ಕೂರುತ್ತಿರಲಿಲ್ಲ. ಅಕ್ಕಿಕಾಳಿನಷ್ಟು ಸಂದು. ಬೇಸ್ ಎಲ್ಲ ಅಲ್ಲಿಂದ ಸೋರಿಹೋಗುತ್ತಿತ್ತು. ಉಳಿದ ದನಿಗಳು ಗಟ್ಟಿ, ಎಲ್ಲಿದ್ದರೂ ಬಂದು ಮುಟ್ಟುತ್ತವೆ. ಬೇಸ್ ಹಾಗಲ್ಲ, ಅದಕ್ಕೆ ಮುಚ್ಚಿದ ಮನೆ ಬೇಕು.

ಅದಕ್ಕೆ ನಿನಗಾಗಿ ಕುಶನ್ ಹೊಲಿದೆ. ಒಳಗಿನ ಫೋಮಿನಲ್ಲಿ ಕನ್ನಡಕದ ಕಡ್ಡಿ ಕೂರುವಷ್ಟು ಒಂದು ಕಚ್ಚು ಕತ್ತರಿಸಿದೆ. ಎಡಕ್ಕೆ ಒಂದು, ಬಲಕ್ಕೆ ಒಂದು. ನಿನ್ನ ಎಡಗಿವಿ ಬಲಕ್ಕಿಂತ ಸ್ವಲ್ಪ ಮೇಲಿದೆ, ಅದು ನಿನಗೇ ಗೊತ್ತಿಲ್ಲ. ಆ ಲೆಕ್ಕಕ್ಕೆ ಎಡಗಡೆಯದನ್ನು ಮೇಲಕ್ಕೆ ಹಾಕಿದೆ. ಇಷ್ಟು ಮಾಡಿ ಮೊದಲಿನ ವೆಲ್ವೆಟ್ಟನ್ನೇ ಹೊದಿಸಿದ್ದರೆ ಈ ಕಾಗದ ಬರೆಯುವ ಹೊತ್ತೇ ಬರುತ್ತಿರಲಿಲ್ಲ. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ವೆಲ್ವೆಟ್ ತೆಗೆದು ಕುರಿ ಚರ್ಮದ ಲೆದರ್ ಹಾಕಿದೆ. ಒಳಗೋಡೆಗೂ ಗಾಳಿಯಾಡದ ಹಾಗೆ ಲೆದರನ್ನೇ ಹಾಕಿದೆ. ಫೋಮ್ ಗಿಡಿದು ತುಂಬಿದೆ. ಹೊಲಿಗೆ ಒಂದಿಂಚಿಗೆ ಹನ್ನೆರಡು. ಕಿಂಡಿ ಮುಚ್ಚಲು ಹೋದವಳು ಕಿಟಕಿ ಬಾಗಿಲನ್ನೆಲ್ಲ ಮುಚ್ಚಿದೆ.

ನೀನು ಅದನ್ನು ಹಾಕಿಕೊಂಡಾಗಿನ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕಣ್ಣು ಮುಚ್ಚಿದೆ. ಕುತ್ತಿಗೆಯ ಬುಡ ಅಲುಗಿತು. "ಲೇ ಸೂಜಿ, ಹೊಟ್ಟೇಲಿ ಕೇಳಿಸ್ತಾ ಇದೆ ಕಣೇ!" ಎಂದೆ. ಆಮೇಲೆ ಸಿಕ್ಕವರಿಗೆಲ್ಲ ನನ್ನ ತಂಗಿ ಹೊಲಿದದ್ದು ಎಂದು ತೋರಿಸಿದೆ. ನಿನ್ನ ಸ್ನೇಹಿತರ ಮುಂದೆ ನನ್ನ ಬಗ್ಗೆ ಹೇಳಿಕೊಳ್ಳಲು ನಿನಗೆ ಮೊದಲ ಸಲ ಏನೋ ಒಂದು ಸಿಕ್ಕಿತ್ತು ಎಂದು ನನಗೆ ಅನ್ನಿಸಿತು. ಇದನ್ನು ಓದಿ ಬೈಯಬೇಡ. ಅನ್ನಿಸಿದ್ದನ್ನು ಬರೆದೆ.

ಆ ಹೆಡ್‌ಫೋನ್ ಹಾಕಿಕೊಂಡು ನಾಲ್ಕು ತಿಂಗಳು ಆರು ಹಾಡು ಮಾಡಿದೆ. ಮುಗಿದದ್ದನ್ನೆಲ್ಲ ನನ್ನ ಫೋನಿಗೆ ಕಳಿಸುತ್ತಿದ್ದೆ. ಅವು ನನ್ನ ಫೋನಿನ ಪುಟ್ಟ ಸ್ಪೀಕರಿನಲ್ಲಿ ಬರೀ ಚಿಣ್ ಚಿಣ್ ಎನ್ನುತ್ತಿದ್ದವು. ಫೋನಿನಲ್ಲಿ ಎಲ್ಲ ಹಾಡೂ ಹಾಗೇ ಎಂದುಕೊಂಡೆ.

ಆಮೇಲೆ ಆ ದಿನ. ನಿನ್ನ ಹಳೆಯ ಹಾಡೊಂದನ್ನು ಕೇಳಿ ಡ್ಯಾನ್ಸ್ ಹಾಲ್‌ನವರೇ ಕರೆದಿದ್ದರು. ಹೊಸ ಹಾಡು ಹಿಡಿಸಿದರೆ ವರ್ಷವಿಡೀ ಅವರ ಕುಣಿತಕ್ಕೆಲ್ಲ ನಿನ್ನದೇ ಸಂಗೀತ ಎಂದಿದ್ದರು. ನಾನು ಅರ್ಧ ದಿನ ರಜೆ ಹಾಕಿ ಕೊನೆಯ ಸಾಲಿನ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆಳೆತ್ತರದ ನಾಲ್ಕು ಸ್ಪೀಕರ್. ಕುಣಿಯುವ ಹುಡುಗಿಯರು ನೆಲದ ಮೇಲೆ ಕೂತು ಶೂ ದಾರ ಕಟ್ಟಿಕೊಳ್ಳುತ್ತಿದ್ದರು. ಹಾಡು ಮೇಲೆ ಹತ್ತಿತು, ಹತ್ತಿತು, ಬೇಸ್ ಧಡ್ ಎಂದು ನೆಲಕ್ಕೆ ಬೀಳಬೇಕಾದ ಜಾಗ ಬಂತು, ಏನೂ ಬೀಳಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೌಂಡಿನವರು ಗುಂಡಿ ತಿರುಗಿಸಿದರು. ಚಿಣ್ ಚಿಣ್ ಇನ್ನೂ ಜೋರಾಯಿತು. "ಏನಮ್ಮಾ ಇದು, ಸೊಳ್ಳೆ ಕಿವಿ ಹತ್ರ ಬಂದ ಹಾಗಿದೆ. ಮೊದ್ಲು ಕೇಳಿದ ಹಾಡು ನೀನೇ ಮಾಡಿದ್ದಾ?" ಎಂದರು. ಸೊಳ್ಳೆ ಎಂದದ್ದಕ್ಕೆ ನೀನು ಕುಗ್ಗಲಿಲ್ಲ, ನೀನೇ ಮಾಡಿದ್ದಾ ಎಂದದ್ದಕ್ಕೆ ಕುಗ್ಗಿದೆ. ಅದನ್ನು ನಾನು ಹಿಂದಿನಿಂದ ನೋಡಿದೆ. ಕುತ್ತಿಗೆಯಲ್ಲೇ ಕಂಡಿತು.

ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಾ, "ನಾನು ಕೇಳಿದ್ದು ಬೇರೆ, ಅವರು ಕೇಳಿದ್ದು ಬೇರೆ. ನನ್ನ ಕಿವಿ ಹೋಗಿದೆ ಕಣೇ" ಎಂದೆ. ಎರಡು ದಿನದ ಮೇಲೆ ಮೇಜಿನ ಮೇಲೆ ಚೀಟಿ ಇತ್ತು, ನೀನಿರಲಿಲ್ಲ.

ಮೂರನೇ ಬಸ್ ಬಂತು.

ಬುಧವಾರ, ಮಧ್ಯಾಹ್ನ

ತಪ್ಪು ಹೇಗೆ ತಿಳಿಯಿತು ಎಂದು ಬರೆಯುತ್ತೇನೆ. ಹೋದ ಗುರುವಾರ ರೆಕಾರ್ಡಿಂಗ್ ಕೆಲಸದವರೊಬ್ಬರು ನಿನ್ನದೇ ಮಾದರಿಯ ಹೆಡ್‌ಫೋನ್ ತಂದು, ಕುಶನ್ ಹರಿದಿದೆ, ಬದಲಾಯಿಸಿ ಎಂದರು. ನಾನು ಜಂಬದಲ್ಲಿ ನಿನಗೆ ಹೊಲಿದಂಥದ್ದೇ ಲೆದರ್ ಕುಶನ್ ಹೊಲಿದು ಹಾಕಿಕೊಟ್ಟೆ. ಮಾರನೇ ದಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. "ಏನಮ್ಮಾ, ಇದಕ್ಕೆ ಜ್ವರ ಬರಿಸಿದ್ದೀಯಲ್ಲ! ಎಲ್ಲಾದರಲ್ಲೂ ಧಡ್ ಧಡ್. ಸುಮ್ನೆ ಕೂತು ಕೇಳೋರಿಗಾದ್ರೆ ಸ್ವರ್ಗ. ನನಗೆ ಇಲ್ಲಿ ಜಾಸ್ತಿ ಕೇಳಿಸಿದ್ರೆ ಕೈ ತಾನಾಗೇ ಕಮ್ಮಿ ಮಾಡುತ್ತೆ. ಆಮೇಲೆ ಹೊರಗೆ ಕೇಳಿದೋರು ಇವನಿಗೇನಾಗಿದೆ ಅಂತಾರೆ" ಎಂದರು.

ಅಕ್ಕ, ಅವರು ಹೇಳುತ್ತಿರುವಾಗಲೇ ನನಗೆ ನಮ್ಮಮ್ಮನ ಟೇಪು ಕಣ್ಣ ಮುಂದೆ ಬಂತು. ಅಮ್ಮನ ಅಳತೆಯ ಬಟ್ಟೆ ಟೇಪು ಕುದಿಯುವ ನೀರಿಗೆ ಬಿದ್ದು ಕುಗ್ಗಿತ್ತಲ್ಲ, ಅದು ಅಮ್ಮನಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ಪುಸ್ತಕದಲ್ಲಿ ಬರೆದಿಟ್ಟ ಹಳೆಯ ಅಳತೆಗೆ ಯಾರಿಗೆ ಹೊಲಿದರೂ ಅಂಗಿ ಬಿಗಿ. ಅಮ್ಮ ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿ, "ಈ ಬೀದಿಯೋರೆಲ್ಲ ಊದ್ಕೊಂಡಿದ್ದಾರೆ, ಏನು ತಿಂತಾರೋ" ಎನ್ನುತ್ತಿದ್ದರು. ಕೊನೆಗೆ ನೀನು ಶಾಲೆಯ ಸ್ಕೇಲ್ ಇಟ್ಟು ನೋಡಿದೆ. ಅಮ್ಮನ ಕೈ ಸರಿಯಾಗೇ ಇತ್ತು. ಕತ್ತರಿಯೂ ಸರಿಯಾಗೇ ಇತ್ತು. ನಾನು ನಿನ್ನ ಕಿವಿಗೆ ಕುಗ್ಗಿದ ಟೇಪು ಕಟ್ಟಿದೆ. ಒಂದು ಹಿಡಿ ಬೇಸ್ ಹಾಕಿದರೆ ಎರಡು ಹಿಡಿ ಎಂದು ಅದು ತೋರಿಸಿತು. ನೀನು ಅರ್ಧ ತೆಗೆದೆ. ನಿನ್ನ ಕಿವಿ ಎಷ್ಟು ಸರಿ ಎಂದರೆ, ನನ್ನ ತಪ್ಪಿನಷ್ಟೇ ಅಳೆದು ತೆಗೆದಿದ್ದೀ.

ಇಲ್ಲಿಯವರೆಗೆ ಬರೆದು ಪೆನ್ನು ಮುಚ್ಚಿ ಡಬ್ಬಿ ತೆರೆದೆ. ಹಾಗೇ ಮುಚ್ಚಿದೆ. ಮತ್ತೆ ಪೆನ್ನು ತೆಗೆದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ.

ರೆಕಾರ್ಡಿಂಗಿನವರು ಹೇಳಿದ ಮೇಲೇ ನನಗೆ ತಿಳಿದದ್ದು ಎಂಬ ಹಾಗೆ ಬರೆದೆ. ಹಾಗಲ್ಲ. ನೀನು ಹೆಡ್‌ಫೋನ್ ಕೊಂಡ ದಿನವೇ ಬೆಸುಗೆ ಮಾಮ ನನ್ನ ಕಡೆ ಬೆರಳು ತೋರಿಸಿ, "ನೀನು ಇದರ ಕುಶನ್ ಮುಟ್ಟಬೇಡ. ಮಾಡಿದೋರು ಯೋಚನೆ ಮಾಡೇ ವೆಲ್ವೆಟ್ ಹಾಕಿದ್ದಾರೆ" ಎಂದಿದ್ದರು. ನಾನು ಆಗಲಿ ಎಂದು ತಲೆಯಾಡಿಸಿದ್ದೆ. ಅವರು ಊಟಕ್ಕೆ ಹೋದ ಹೊತ್ತಿನಲ್ಲಿ ನಿನ್ನ ಕುಶನ್ ಹೊಲಿದೆ, ಬಂದ ಕೂಡಲೇ ಚೀಲಕ್ಕೆ ತುರುಕಿದೆ. ಹಾಲ್‌ನಿಂದ ಬರುವಾಗ ಬಸ್ಸಿನಲ್ಲಿ ನೀನು ಕಿವಿ ಹೋಗಿದೆ ಎಂದೆಯಲ್ಲ, ಆಗಲೇ ಮಾಮನ ಮಾತು ನೆನಪಾಗಿತ್ತು. ನಿನ್ನ ಪಕ್ಕದಲ್ಲೇ ಕೂತಿದ್ದೆ. ಹೇಳಲಿಲ್ಲ. ಎರಡು ದಿನ ನಿನ್ನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿದೆ, ಹೇಳಲಿಲ್ಲ. ರೆಕಾರ್ಡಿಂಗಿನವರಿಗೂ ಅದೇ ಲೆದರ್ ಹೊಲಿದದ್ದು ಜಂಬಕ್ಕಲ್ಲ, ಅವರು ಚೆನ್ನಾಗಿದೆ ಎಂದುಬಿಟ್ಟರೆ ತಪ್ಪು ನನ್ನದಲ್ಲ ಎಂದುಕೊಳ್ಳಲು. ನಾಚಿಕೆ ಸ್ವಭಾವ ಎಂದು ಎಲ್ಲರೂ ನನಗೆ ರಿಯಾಯಿತಿ ಕೊಡುತ್ತಾರೆ. ಅದು ನಾಚಿಕೆಯಾಗಿರಲಿಲ್ಲ ಅಕ್ಕ. ನನ್ನ ತಂಗಿ ಹೊಲಿದದ್ದು ಎಂದು ನೀನು ಹೇಳುತ್ತಿದ್ದ ಮಾತು ಕಳೆದುಹೋಗುತ್ತದೆ ಎಂಬ ಹೆದರಿಕೆ ಅದು.

ಮೊನ್ನೆ ಶನಿವಾರ ಮಾಮನಿಗೆ ಎಲ್ಲ ಹೇಳಿದೆ. ಅವರು ಬೆಸುಗೆ ಕಡ್ಡಿಯನ್ನು ಒದ್ದೆ ಸ್ಪಂಜಿಗೆ ಒರೆಸಿಟ್ಟರು. ಆಮೇಲೆ, "ಕಚ್ಚು ಹಾಕಿದ್ದು ಮಾತ್ರ ನನಗೆ ಹೊಳೀತಿರ್ಲಿಲ್ಲ ಬಿಡು. ಕಚ್ಚು ಇರ್ಲಿ, ಲೆದರ್ ಬಿಚ್ಚು" ಎಂದರು. ಹೊಸದು ಹೊಲಿಯುವಾಗ ಪಕ್ಕದಲ್ಲೇ ಕೂತು ಫೋಮ್ ಅಳೆದುಕೊಟ್ಟರು. ಯಜಮಾನಿ ಬಂದು ನೋಡಿ, "ಸೂಜಿಗೂ ಒಬ್ಬ ಅಸಿಸ್ಟೆಂಟಾ ಈಗ?" ಎಂದರು.

ಭಾನುವಾರ ನಿನ್ನ ಸಾಮಾನು ಕೊಳ್ಳಲು ನೀನು ಗೊತ್ತು ಮಾಡಿದ್ದ ಮನುಷ್ಯ ಬಂದಿದ್ದ. ಬಾಗಿಲು ತೆಗೆದು ಮಾರುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಒಳಗಿನಿಂದ ಚಿಲಕ ಹಾಕಿ, ಕಾಲು ಮಡಚಿ, ಬಾಗಿಲಿನ ಹಿಂದೆ ಕೂತುಬಿಟ್ಟೆ. ಮೂರು ಸಲ ಬೆಲ್ ಒತ್ತಿದ. "ಮನೇಲಿ ಇದ್ದಾರೆ, ಚಪ್ಪಲಿ ಇದೆ" ಎಂದು ಫೋನಿನಲ್ಲಿ ಯಾರಿಗೋ ಹೇಳಿದ. ಹೋದ ಮೇಲೂ ಅರ್ಧ ಗಂಟೆ ಹಾಗೇ ಕೂತಿದ್ದೆ. ಆಮೇಲೆ ನನಗೇ ಹೇಸಿಗೆಯಾಯಿತು. ಬಾಗಿಲು ಹಾಕಿಕೊಂಡು ಎಷ್ಟು ದಿನ ನಿನ್ನ ಸಾಮಾನು ಕಾಯಲಿ?

ಅದಕ್ಕೆ ಸೋಮವಾರ ಡ್ಯಾನ್ಸ್ ಹಾಲ್‌ಗೆ ಹೋದೆ.

ಹೌದು, ನಾನೇ. ಒಬ್ಬಳೇ. ಏನು ಹೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಕೊಟ್ಟು ಓಡಿಬರುವ ಲೆಕ್ಕ. ಹಾಲ್ ಖಾಲಿ ಇತ್ತು, ಒಬ್ಬಾಕೆ ನೆಲ ಒರೆಸುತ್ತಿದ್ದರು, ಸೌಂಡಿನವರು ವೇದಿಕೆಯ ಅಂಚಿನಲ್ಲಿ ಕೂತು ಉದ್ದದ ವೈರನ್ನು ಮೊಣಕೈಗೆ ಸುತ್ತುತ್ತಿದ್ದರು. ಚೀಟಿ ಚಾಚಿದೆ. ಅವರು ಕೈ ತೋರಿಸಿ, "ಎರಡೂ ಕೈ ತುಂಬಿದೆ, ಕನ್ನಡಕ ಬೇರೆ ಮನೇಲಿ. ನೀನೇ ಓದಮ್ಮ" ಎಂದರು.

ನಾನು ಶಾಲೆ ಬಿಟ್ಟದ್ದು ಯಾಕೆ ಎಂದು ನಿನಗೆ ಮಾತ್ರ ಗೊತ್ತು. ನಿಲ್ಲಿಸಿ ಓದಿಸಿದರು, ಮೂರನೇ ಸಾಲಿಗೆ ತರಗತಿ ನಕ್ಕಿತು, ಮಾರನೇ ದಿನದಿಂದ ನಾನು ಹೋಗಲಿಲ್ಲ. ಅಮ್ಮ ಹೊಡೆದರೂ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ನಿನ್ನನ್ನು ಬಿಟ್ಟು ಯಾರ ಮುಂದೆಯೂ ಒಂದು ಸಾಲು ಓದಿಲ್ಲ. ಸೋಮವಾರ ಓದಿದೆ. ಆ ಖಾಲಿ ಹಾಲ್‌ನಲ್ಲಿ ನಾನು ಓದಿದ ಒಂದೊಂದು ಮಾತೂ ಗೋಡೆಗೆ ತಾಗಿ ವಾಪಸು ಬಂದು ನನಗೇ ಕೇಳಿಸುತ್ತಿತ್ತು. ಹಾಡಿನಲ್ಲಿ ತಪ್ಪಿಲ್ಲ, ಹೆಡ್‌ಫೋನ್‌ನ ಕುಶನ್ ಹೊಲಿದವಳು ತಪ್ಪಿದ್ದಾಳೆ, ಹೊಲಿದವಳು ನಾನು, ಹೊಸದು ಹೊಲಿದಿದ್ದೇನೆ, ನಮ್ಮಕ್ಕನಿಗೆ ಇನ್ನೊಂದು ಸಲ ಹತ್ತು ನಿಮಿಷ ಕೊಡಿ ಎಂದು ಇತ್ತು. ಎರಡು ಕಡೆ ತಡವರಿಸಿದೆ. ನೆಲ ಒರೆಸುತ್ತಿದ್ದಾಕೆ ಕೋಲು ನಿಲ್ಲಿಸಿ ಕೇಳುತ್ತಿದ್ದರು. ಯಾರೂ ನಗಲಿಲ್ಲ.

ಸೌಂಡಿನವರು ವೈರ್ ಕೆಳಗಿಟ್ಟು, "ಅಂದ್ರೆ ಸೊಳ್ಳೆ ಸಾಕಿದ್ದು ನೀನು" ಎಂದರು. ನಾನು ಹೌದು ಎಂದೆ. "ಆ ಹಳೇ ಹಾಡಿಗೆ ಈ ನೆಲ ಎದ್ದು ಕೂತಿತ್ತು, ಗೊತ್ತಾ? ಅದಕ್ಕೇ ನನಗೆ ಸಿಟ್ಟು ಬಂದಿದ್ದು" ಎಂದರು. ತಲೆ ಕೆರೆದುಕೊಂಡು, "ಈ ಶುಕ್ರವಾರ ಆಗಲ್ಲ. ಮುಂದಿನ ಶುಕ್ರವಾರ ಮೂರು ಗಂಟೆ. ಹತ್ತೇ ನಿಮಿಷ. ಹುಡುಗೀರು ಶೂ ಹಾಕ್ಕೊಂಡೇ ನಿಂತಿರ್ತಾರೆ. ಅವರ ಕಾಲು ಎದ್ರೆ ಎದ್ದಂಗೆ, ಇಲ್ಲಾಂದ್ರೆ ನನ್ನ ಕೇಳಬೇಡಿ" ಎಂದರು.

ಮುಂದಿನ ಶುಕ್ರವಾರದ ಮಾರನೆಯ ದಿನವೇ ಒಂದನೇ ತಾರೀಕು.

ಗುರುವಾರ, ಬೆಳಿಗ್ಗೆ

ಈ ಕಾಗದವನ್ನು ಹೆಡ್‌ಫೋನ್ ಜೊತೆ ಡಬ್ಬಿಯೊಳಗೆ ಇಡುತ್ತಿದ್ದೇನೆ. ಅಂಗಡಿಯ ಪಾರ್ಸೆಲ್ ವ್ಯಾನ್ ಎಂಟೂವರೆಗೆ ಹೊರಡುತ್ತದೆ, ನಾಳೆ ಸಂಜೆಯೊಳಗೆ ಲಾಂಡ್ರಿಗೆ ತಲುಪುತ್ತದೆ. ಹೊಸ ಕುಶನ್ ಹಾಕಿದ್ದೇನೆ. ಮೊದಲಿನ ಹಾಗೆ ವೆಲ್ವೆಟ್, ಒಳಗೆ ಗಾಳಿಯಾಡುವ ಬಟ್ಟೆ, ಕನ್ನಡಕದ ಕಡ್ಡಿಗೆ ಕಚ್ಚು ಮಾತ್ರ ನನ್ನದು. ಕನ್ನಡಕ ಹಾಕಿಕೊಂಡೇ ಕೇಳು. ಮೊದಲು ನಿನ್ನ ಹಳೆಯ ಹಾಡು ಕೇಳು, ಆಮೇಲೆ ಹೊಸ ಆರರಲ್ಲಿ ಒಂದನ್ನು ಕೇಳು. ಸೊಳ್ಳೆ ಕೇಳಿಸುತ್ತದೆ. ಕೇಳಿಸಿದರೆ ಅಳಬೇಡ, ನಗು. ನಿನ್ನ ಕಿವಿಗೆ ಸೊಳ್ಳೆ ಕೇಳಿಸಿತು ಎಂದರೆ ಕಿವಿ ಸರಿಯಾಗಿದೆ ಎಂದು ಅರ್ಥ. ನೀನು ತೆಗೆದುಹಾಕಿದ ಬೇಸನ್ನು ವಾಪಸು ಹಾಕಲು ನಿನಗೆ ಒಂದು ವಾರ ಸಾಕಲ್ಲವಾ?

ನೀನು ಬರಲೇಬೇಕು ಎಂದು ಹೇಳುವ ಬಾಯಿ ನನಗಿಲ್ಲ. ಇಸ್ತ್ರಿ ಕೆಲಸ ಕೀಳಲ್ಲ, ನಮ್ಮನ್ನು ಸಾಕಿದ್ದೂ ಬಟ್ಟೆಯೇ. ಆದರೆ ಇಸ್ತ್ರಿಯೇ ಬೇಕು ಎಂದು ಮಾಡುವುದಾದರೆ ಮಾಡು. ನನ್ನ ಹನ್ನೆರಡು ಹೊಲಿಗೆಯನ್ನು ನಂಬಿ, ಕಿವಿ ಹೋಯಿತು ಎಂದು ಮಾಡಬೇಡ. ಹಳೆಯ ಲೆದರ್ ಕುಶನ್ ಎರಡನ್ನೂ ಬಿಚ್ಚಿ ಬಿಸಾಡಬೇಕೆಂದು ಕತ್ತರಿ ಹಿಡಿದೆ. ಆಗಲಿಲ್ಲ. ನನ್ನ ಪೆಟ್ಟಿಗೆಯಲ್ಲಿವೆ. ಸುಮ್ಮನೆ ಹಾಡು ಕೇಳಬೇಕು ಅನ್ನಿಸಿದ ದಿನ ಹಾಕಿಕೊಡುತ್ತೇನೆ.

ಕೋಪ ಬಂದರೆ ಬರಲಿ. ಬಂದು ಎದುರಿಗೇ ಬೈ.

ಇಂತಿ,
ನಿನ್ನ ತಂಗಿ
ಸೂಜಿ

ಮರೆತ ಮಾತು ಎಂದು ಬರೆಯುವ ಜಾಗ ಇದು, ಆದರೆ ನಾನು ಇದನ್ನು ಮರೆತಿರಲಿಲ್ಲ. ಹೆದರಿಕೆಯಿಂದ ಕೊನೆಗೆ ಉಳಿಸಿದೆ. ಕೆಳಗಿನ ಮನೆಯ ಅಜ್ಜಿ ನಿನ್ನ ಸ್ಪೀಕರಿನ ಬಗ್ಗೆ ಯಾವತ್ತೂ ಚಕಾರ ಎತ್ತಿಲ್ಲ. ಕೋಲಿನಿಂದ ಛಾವಣಿಗೆ ಬಡಿದೂ ಇಲ್ಲ. ಅದು ನಾನು ಕಟ್ಟಿದ ಕಥೆ. ದಿನವಿಡೀ ಯಂತ್ರದ ಮುಂದೆ ಕೂತು ಮನೆಗೆ ಬಂದರೆ ನೆಲ, ಗೋಡೆ, ಲೋಟದ ನೀರು ಎಲ್ಲ ನಡುಗುತ್ತಿತ್ತು. ಸ್ವಲ್ಪ ಕಡಿಮೆ ಮಾಡು ಎಂದು ನಿನಗೆ ಹೇಳಲಾಗದೆ ಅಜ್ಜಿಯ ಹೆಸರು ಹೇಳಿದೆ. ಸ್ಪೀಕರಿಗೆ ಬೆಡ್‌ಶೀಟ್ ಹೊದಿಸಿದ್ದು ಅದರಿಂದ. ಅದಿಲ್ಲದಿದ್ದರೆ ಹೊಸ ಹಾಡನ್ನು ನೀನು ಒಮ್ಮೆಯಾದರೂ ಅದರಲ್ಲಿ ಹಾಕಿ ನೋಡುತ್ತಿದ್ದೆ, ತಪ್ಪು ಅಂದೇ ಸಿಗುತ್ತಿತ್ತು. ನೀನು ಅಜ್ಜಿಯ ಜೊತೆ ಮಾತು ಬಿಟ್ಟದ್ದೂ ಅದರಿಂದ. ನಿನ್ನೆ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ, "ನಿಮ್ಮಕ್ಕನಿಗೆ ನಾನೇನು ಮಾಡಿದ್ದೆ ಮಗೂ? ನೋಡಿದ್ರೂ ನೋಡದೇ ಇದ್ದಂಗೆ ಹೋಗ್ತಿದ್ಲು. ಮೇಲೆ ಆ ಧಡ್ ಧಡ್ ನಿಂತ ಮೇಲೆ ಮನೆ ಬಿಕೋ ಅಂತಿದೆ" ಎಂದರು. ಅವರಿಗೆ ನಿಜ ಹೇಳಿದೆ. "ಅಯ್ಯೋ ಕಳ್ಳಿ, ನನ್ನನ್ಯಾಕೆ ಸಿಕ್ಕಿಸಿದೆ?" ಎಂದು ನನ್ನ ಕಿವಿ ಹಿಂಡಿದರು. ನಿಜವಾಗಿ ಹಿಂಡಿದರು, ಇನ್ನೂ ಕೆಂಪಗಿದೆ.

ಇವತ್ತು ಬೆಳಿಗ್ಗೆ ಸ್ಪೀಕರಿನ ಬೆಡ್‌ಶೀಟ್ ತೆಗೆದು ಒಗೆಯಲು ಹಾಕಿದೆ. ಧೂಳು ಒರೆಸಿ, ಫೋನಿನ ವೈರ್ ಸಿಕ್ಕಿಸಿ, ನಿನ್ನ ಹಳೆಯ ಹಾಡು ಹಾಕಿದೆ. ಲೋಟದ ನೀರು ನಡುಗಿತು. ಕೆಳಗಿನಿಂದ ಛಾವಣಿಗೆ ಕೋಲು ಬಡಿಯಿತು. ಗಾಬರಿಯಾಗಿ ನಿಲ್ಲಿಸಿದೆ. ಮತ್ತೆ ಬಡಿಯಿತು, ಮೊದಲಿಗಿಂತ ಜೋರಾಗಿ. ಹಾಡು ಹಾಕಿದೆ. ಕೋಲು ಸುಮ್ಮನಾಯಿತು.